ಅವ್ವನ ಪಂಪು ಬಿಡಿಸಿದ ತಪ್ಪು ನನ್ನದು



ಇದನ್ನ ಬರೀಬೇಕೋ ಬ್ಯಾಡೋ ಅಂತ ಭಾಳ ದಿನ ಯೋಚನೆ ಮಾಡಿದೆ. ಹೋರಾಟದ ಪೋಸ್ಟ್ ಹಾಕೋದು ಸುಲಭ, ತಪ್ಪೊಪ್ಪಿಕೊಳ್ಳೋ ಪೋಸ್ಟ್ ಹಾಕೋದು ಕಷ್ಟ. ಆದ್ರೆ ನಾನು ಮಾಡಿದ ತಪ್ಪನ್ನ ನಮ್ಮ ಕೇರಿಗಳಲ್ಲಿ ಇವತ್ತೂ ಎಷ್ಟೋ ಮಂದಿ ಮಾಡ್ತಿದ್ದಾರೆ. ಅದಕ್ಕೇ ಬರೀತಿದ್ದೀನಿ. ಉದ್ದ ಇದೆ, ದಯವಿಟ್ಟು ಕೊನೆತನಕ ಓದಿ.

ನಮ್ಮವ್ವನಿಗೆ ದಮ್ಮು. ಡಾಕ್ಟರು ಆಸ್ತಮಾ ಅಂತಾರೆ, ಪುಸ್ತಕದಲ್ಲಿ ಉಬ್ಬಸ ಅಂತ ಬರೀತಾರೆ, ನಮ್ಮ ಕಡೆ ಎಲ್ಲರೂ ಅನ್ನೋದು ದಮ್ಮು. ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಮಳೆ ಕೈಕೊಟ್ಟ ವರ್ಷ ಕೇರಿಯ ಅರ್ಧ ಮನೆಗಳಿಗೆ ಬೀಗ. ಎಲ್ಲರೂ ಬೆಂಗಳೂರು, ಪುಣೆ ಅಂತ ಗುಳೆ ಹೋಗೋರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನೂ ತಂಗಿಯನ್ನೂ ಕಟ್ಟಿಕೊಂಡು ಅಷ್ಟು ದೂರ ಹೋಗಲಿಲ್ಲ, ರಾಯಚೂರಿಗೆ ಬಂದಳು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಸೀಸನ್ ಕೂಲಿ. ಸಾಯಂಕಾಲ ಮನೆಗೆ ಬಂದಾಗ ಅವಳ ಕೂದಲು, ಹುಬ್ಬು, ಕಣ್ರೆಪ್ಪೆ ಎಲ್ಲ ಬೆಳ್ಳಗೆ ಇರ್ತಿತ್ತು. ನಾವು ಸಣ್ಣವರು, ಅವ್ವ ಮುದುಕಿ ಆಗ್ಯಾಳ ಅಂತ ನಗ್ತಿದ್ದೆವು. ಮಾಸ್ಕ್ ಅಂದ್ರೆ ಸೆರಗು, ಅಷ್ಟೇ.

ಅವ್ವನ ತಂಗಿ, ನಮ್ಮ ಚಿಗವ್ವನ್ನ ಮಾನ್ವಿ ಕಡೆ ಕೊಟ್ಟಿದ್ರು. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ, ರೈಸ್ ಮಿಲ್ಲು. ಹೊಟ್ಟು, ತೌಡಿನ ಧೂಳಿನ ನಡುವೆ ಅವಳ ಕೂಲಿ. ಅವಳಿಗೂ ದಮ್ಮು. ಅಕ್ಕತಂಗಿ ಇಬ್ಬರಿಗೂ ಒಂದೇ ಬ್ಯಾನಿ. ಒಬ್ಬಳು ಬದುಕಿದ್ದಾಳೆ, ಒಬ್ಬಳು ಇಲ್ಲ.

ಮೊದಲು ಇಲ್ಲದವಳ ಮಾತು ಹೇಳ್ತೀನಿ.

ಚಿಗವ್ವನಿಗೆ ದಮ್ಮು ಹೆಚ್ಚಾದಾಗಲೆಲ್ಲ ಊರಿಗೆ ಬರೋ ಒಬ್ಬ "ಡಾಕ್ಟರ್" ಹತ್ರ ಸೂಜಿ ಮಾಡಿಸ್ಕೊತಿದ್ಲು. ಅವನು ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದನ್ನ ನಾನಂತೂ ನೋಡಿಲ್ಲ. ಹೆಸರಿಲ್ಲದ ಸಣ್ಣ ಗುಳಿಗೆಗಳನ್ನ ಕಾಗದದಲ್ಲಿ ಕಟ್ಟಿ ಕೊಡ್ತಿದ್ದ. ತಗೊಂಡ ಎರಡು ತಾಸಿಗೆ ಆರಾಮ. ಊಟ ಸೇರ್ತಿತ್ತು. ವರ್ಷ ಕಳೆಯೋದ್ರೊಳಗೆ ಮುಖ ದುಂಡಗಾಯ್ತು. ಓಣಿ ಮಂದಿ "ಮೈ ತುಂಬ್ಕೊಂಡಾಳ, ಛಲೋ ಆಗ್ಯಾಳ" ಅಂತಿದ್ರು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಅದು ಮೈ ತುಂಬಿಕೊಂಡಿದ್ದಲ್ಲ, ಲೆಕ್ಕವಿಲ್ಲದೆ ನುಂಗಿಸಿದ ಸ್ಟಿರಾಯ್ಡ್ ಗುಳಿಗೆಯ ಬಾವು ಅಂತ ನನಗೆ ಗೊತ್ತಾಗಿದ್ದು ಭಾಳ ತಡವಾಗಿ.

ಅವಳ ಹತ್ರ ಒಂದು ನೀಲಿ ಪಂಪು ಇತ್ತು. ಅಂಗಡಿಯಲ್ಲಿ ಕೇಳಿದ್ರೆ ಕೊಡ್ತಿದ್ರು, ಚೀಟಿ ಬೇಕಿರಲಿಲ್ಲ. ಕುಬಸದೊಳಗೆ ಮುಚ್ಚಿಟ್ಟುಕೊಂಡು ಯಾರೂ ಇಲ್ಲದಾಗ ಹೊಡ್ಕೊತಿದ್ಲು. "ಪಂಪ್ ಹಿಡಿದ್ರ ಕಡೀ ಸ್ಟೇಜ್ ಅಂತಾರ, ಹೆಣ್ಮಕ್ಕಳ ಲಗ್ನ ಐತಿ" ಅನ್ನೋಳು. ಒಂದು ಚಳಿಗಾಲದ ರಾತ್ರಿ ಆ ಪಂಪು ಖಾಲಿ ಆಗಿತ್ತು. ಒತ್ತಿದಳಂತೆ, ಮತ್ತೆ ಮತ್ತೆ ಒತ್ತಿದಳಂತೆ. ಆಟೊ ಸಿಕ್ಕು, ರಾಯಚೂರ ದಾರಿ ಹಿಡಿದು, ಊರು ಇನ್ನೂ ದೂರ ಇರುವಾಗಲೇ ಉಸಿರು ನಿಂತಿತು. ಮಾನ್ವಿಯಿಂದ ರಾಯಚೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ದಮ್ಮು ಹತ್ತಿದವರಿಗೆ ಐವತ್ತು ಕಿಲೋಮೀಟರ್ ಅಂದ್ರೆ ಏನು ಅಂತ ನಕ್ಷೆ ನೋಡಿ ಗೊತ್ತಾಗಲ್ಲ.

ಚಿಗವ್ವ ಸತ್ತ ಮೇಲೆ ಹೆದರಿ ಅವ್ವನ್ನ ಸರ್ಕಾರಿ ದವಾಖಾನೆಗೆ ಕರ್ಕೊಂಡು ಹೋದೆ. ಮೊದಲು ಕಫ ಪರೀಕ್ಷೆ ಮಾಡಿ ಟಿಬಿ ಅಲ್ಲ ಅಂತ ಖಾತ್ರಿ ಮಾಡಿಕೊಂಡ್ರು. ಆಮೇಲೆ ಒಂದು ಮಷೀನಿಗೆ ಜೋರಾಗಿ ಊದಿಸಿದ್ರು, ಔಷಧಿ ಕೊಟ್ಟು ಮತ್ತೆ ಊದಿಸಿದ್ರು. ಆಸ್ತಮಾ ಅಂತ ಹೇಳಿ ಎರಡು ಪಂಪು ಬರೆದುಕೊಟ್ರು. ಒಂದು ದಮ್ಮು ಹತ್ತಿದಾಗ. ಇನ್ನೊಂದು ದಮ್ಮು ಇರಲಿ ಬಿಡಲಿ ದಿನಾ ಬೆಳಿಗ್ಗೆ, ಸಂಜೆ. ಕೆಲವೇ ವಾರಕ್ಕೆ ಅವ್ವ ಗೋಡೆಗೆ ಒರಗದೆ ಅಂಗಾತ ಮಲಗಿ ನಿದ್ದೆ ಮಾಡಿದ್ದನ್ನ ಎಷ್ಟೋ ವರ್ಷದ ಮೇಲೆ ನೋಡಿದೆ.

ಈಗ ನನ್ನ ತಪ್ಪಿಗೆ ಬರ್ತೀನಿ.

2022ರ ಮೇ ತಿಂಗಳಲ್ಲಿ ರಾಯಚೂರಿಗೆ ಏಮ್ಸ್ ಬೇಕು ಅಂತ ಅನಿರ್ದಿಷ್ಟಾವಧಿ ಧರಣಿ ಶುರುವಾಯ್ತಲ್ಲ, ನಾನೂ ಹೋಗಿ ಕೂಡ್ತಿದ್ದೆ, ಘೋಷಣೆ ಕೂಗ್ತಿದ್ದೆ. ಅದೇ ದಿನಗಳಲ್ಲಿ ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂತು. ಪಂಪಿನಲ್ಲಿ ಇರೋದು ಸ್ಟಿರಾಯ್ಡ್, ಅದು ಎಲುಬು ಕರಗಿಸುತ್ತೆ, ಒಮ್ಮೆ ಹಿಡಿದ್ರೆ ಚಟ ಆಗುತ್ತೆ, ಔಷಧ ಕಂಪನಿಗಳ ಲೂಟಿ ಅಂತ. ಕಂಪನಿ, ಲೂಟಿ ಅಂದ ಕೂಡಲೇ ನನ್ನೊಳಗಿನ ಹೋರಾಟಗಾರ ಎದ್ದು ಕೂತ. ಅವ್ವನ ಪಂಪಿನ ಡಬ್ಬಿ ತಗೊಂಡು ಓದಿದೆ. ಬುಡೆಸೊನೈಡ್ ಅಂತಿತ್ತು. ಹುಡುಕಿದೆ, ಸ್ಟಿರಾಯ್ಡೇ ಹೌದು. ಚಿಗವ್ವನ ದುಂಡು ಮುಖ ನೆನಪಾಯ್ತು. ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿದೆ. "ಯವ್ವಾ, ಇದನ್ನ ಬಿಡು, ಇದು ವಿಷ. ನೀಲಿದು ಸಾಕು" ಅಂದೆ.

ಅವ್ವ ಕೇಳಿದ್ಲು. ಮಗ ಓದಿದಾಂವ, ಮೈಕ್ ಹಿಡಿದು ಮಾತಾಡಾಂವ. ಬಿಟ್ಟುಬಿಟ್ಲು.

ಹದಿನೈದು ದಿನ ಏನೂ ಆಗಲಿಲ್ಲ. ಮೋಸ ಇರೋದು ಅಲ್ಲೇ. ನೋಡಿದ್ರಾ, ಪಂಪಿಲ್ಲದೇನೂ ಆರಾಮ ಇದ್ದಾಳೆ ಅಂತ ಬೀಗಿದೆ. ಆಮೇಲೆ ನೀಲಿ ಪಂಪು ದಿನಕ್ಕೆ ಎರಡು ಸಲ ಇದ್ದದ್ದು ಆರಾಯ್ತು, ಎಂಟಾಯ್ತು. ಹತ್ತಿ ಸೀಸನ್ ಶುರುವಾಗಿ ಒಂದು ರಾತ್ರಿ ಎರಡು ಗಂಟೆಗೆ ತಂಗಿ ಎಬ್ಬಿಸಿದ್ಲು. ಅವ್ವ ಹೊಸ್ತಿಲಲ್ಲಿ ಎರಡೂ ಕೈ ಊರಿಕೊಂಡು ಕೂತಿದ್ಲು. ಕುತ್ತಿಗೆಯ ನರ ಹಗ್ಗದ ಹಂಗ. ಒಂದು ಮಾತು ಪೂರ್ತಿ ಆಡಾಕ ಆಗವಲ್ದು.

"ಯಪ್ಪಾ… ಉಸ್ರು… ಆಡವಲ್ದು…"

ನಾವು ರಾಯಚೂರಲ್ಲಿದ್ವಿ, ಅದಕ್ಕೇ ಅವ್ವ ಬದುಕಿದ್ಲು. ಹದಿನೈದು ನಿಮಿಷಕ್ಕೆ ಆಕ್ಸಿಜನ್ ಸಿಕ್ತು. ಮಾನ್ವಿಯಲ್ಲೋ, ದೇವದುರ್ಗದ ನಮ್ಮ ಹಳ್ಳಿಯಲ್ಲೋ ಇದ್ದಿದ್ರೆ ನಾನು ಇವತ್ತು ಬರೆಯೋ ಪೋಸ್ಟ್ ಬೇರೆ ಇರ್ತಿತ್ತು.

ಬೆಳಿಗ್ಗೆ ಡ್ಯೂಟಿಯಲ್ಲಿದ್ದ ಸಣ್ಣ ವಯಸ್ಸಿನ ಡಾಕ್ಟರಮ್ಮ ಕೇಳಿದ್ರು, "ದಿನಾ ತಗೊಳ್ಳೋ ಪಂಪ್ ಯಾಕೆ ಬಿಟ್ರಿ?" ನಾನು ತಲೆ ಎತ್ತಿ, "ಸ್ಟಿರಾಯ್ಡ್ ಅಲ್ವಾ ಮೇಡಂ" ಅಂದೆ. ಅವರು ಬಯ್ಯಲಿಲ್ಲ. ಒಂದು ಚೀಟಿ ಹಿಂದೆ ಲೆಕ್ಕ ಬರೆದು ತೋರಿಸಿದ್ರು. ಅವ್ವನ ಪಂಪಿನಿಂದ ದಿನಕ್ಕೆ ಹೋಗ್ತಿದ್ದದ್ದು 400 ಮೈಕ್ರೋಗ್ರಾಂ. ಈಗ ಜೀವ ಉಳಿಸೋಕೆ ಕೊಡ್ತಿರೋ ಪ್ರೆಡ್ನಿಸೊಲೋನ್ ಗುಳಿಗೆ ದಿನಕ್ಕೆ 40 ಮಿಲಿಗ್ರಾಂ, ಅಂದ್ರೆ 40,000 ಮೈಕ್ರೋಗ್ರಾಂ. ತೂಕದ ಲೆಕ್ಕದಲ್ಲಿ ನೂರು ದಿನದ ಪಂಪಿನಷ್ಟು ಒಂದೇ ದಿನಕ್ಕೆ. "ಎರಡೂ ಔಷಧಿಯ ಬಲ ಒಂದೇ ಅಲ್ಲ, ಹಂಗಾಗಿ ತಕ್ಕಡಿ ಲೆಕ್ಕ ಪೂರ್ತಿ ಸರಿ ಅಲ್ಲ. ಆದ್ರೆ ಪಂಪಿನದು ನೇರ ಶ್ವಾಸನಾಳಕ್ಕೆ ಹೋಗುತ್ತೆ, ರಕ್ತಕ್ಕೆ ಸೇರೋದು ಸ್ವಲ್ಪ. ಗುಳಿಗೆ, ಸೂಜಿ ಇಡೀ ಮೈಗೆ ಹೋಗುತ್ತೆ. ನೀವು ಸ್ವಲ್ಪಕ್ಕೆ ಹೆದರಿ ಬಹಳಷ್ಟನ್ನ ಮನೆಗೆ ಕರೆದ್ರಿ" ಅಂದ್ರು.

ಆ ಮಾತು ನನ್ನ ಕಪಾಳಕ್ಕೆ ಹೊಡೆದಂಗಾಯ್ತು. ಆಮೇಲೆ ಕೂತು ಓದಿದೆ, ಕೇಳಿ ತಿಳ್ಕೊಂಡೆ. ತಿಳಿದದ್ದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ.

ಎಡದಂಡೆ ಕಾಲುವೆ ನೆನಪು ಮಾಡ್ಕೊಳ್ಳಿ. ಕೊನೆ ಭಾಗದ ರೈತರಿಗೆ ನೀರು ಮುಟ್ಟಲ್ಲ. ಗೇಟು ಎತ್ತಿದ್ರೆ ಒಂದಿಷ್ಟು ಹೊತ್ತು ನೀರು ಬರುತ್ತೆ. ಆದ್ರೆ ಕಾಲುವೆಯಲ್ಲಿ ಹೂಳು ತುಂಬಿದ್ರೆ ಎಷ್ಟು ಸಲ ಗೇಟು ಎತ್ತಿದ್ರೇನು? ಆಸ್ತಮಾನೂ ಹಂಗೇ. ಶ್ವಾಸನಾಳದ ಒಳಗೋಡೆ ಸದಾ ಬಾತುಕೊಂಡಿರುತ್ತೆ, ಕಫ ಕಟ್ಟಿರುತ್ತೆ. ಅದು ಹೂಳು. ನೀಲಿ ಪಂಪಿನ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನ ನಾಲ್ಕಾರು ತಾಸು ಸಡಿಲ ಮಾಡುತ್ತೆ. ಅದು ಗೇಟು ಎತ್ತೋದು. ಸ್ಟಿರಾಯ್ಡ್ ಪಂಪು ಆ ಬಾವು ಇಳಿಸುತ್ತೆ. ಅದು ಹೂಳು ತೆಗೆಯೋದು. ಹೂಳು ತೆಗೆಯೋ ಕೆಲಸ ಒಂದು ದಿನಕ್ಕೆ ಆಗಲ್ಲ, ನಿಲ್ಲಿಸಿದ್ರೆ ಮತ್ತೆ ತುಂಬುತ್ತೆ. ಅದಕ್ಕೇ ದಿನಾ ತಗೋಬೇಕು. ಅದು ಚಟ ಅಲ್ಲ. ಬಿಟ್ಟ ಮೇಲೆ ಬ್ಯಾನಿ ಮರಳಿ ಬರೋದನ್ನ ನಾವು ಚಟ ಅಂತ ತಪ್ಪು ತಿಳ್ಕೊಂಡಿದ್ದೀವಿ.

ಇನ್ನೊಂದು ಮಾತು. ಪಂಪು ಹುಟ್ಟಿದ ಕಥೆ. 1950ರ ದಶಕದಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಮುಖ್ಯಸ್ಥ ಜಾರ್ಜ್ ಮೈಸನ್ ಅವರ ಮಗಳಿಗೆ ಆಸ್ತಮಾ ಇತ್ತು. ಕೂದಲಿಗೆ ಹೊಡೆಯೋ ಸ್ಪ್ರೇ ಥರ ನನ್ನ ಔಷಧಿ ಯಾಕೆ ಬರಬಾರದು ಅಂತ ಆ ಹುಡುಗಿ ಅಪ್ಪನನ್ನ ಕೇಳಿದಳಂತೆ. 1956ರಲ್ಲಿ ಪಂಪು ಮಾರುಕಟ್ಟೆಗೆ ಬಂತು. ಆಗ ಅದರಲ್ಲಿ ಸ್ಟಿರಾಯ್ಡ್ ಇರಲಿಲ್ಲ. ಸ್ಟಿರಾಯ್ಡ್ ಗುಳಿಗೆ ತಿಂದ ಆಸ್ತಮಾ ರೋಗಿಗಳು ಬದುಕ್ತಿದ್ರು, ಆದ್ರೆ ನಮ್ಮ ಚಿಗವ್ವನಂತೆ ಬಾತುಕೊಂಡು, ಎಲುಬು ಸವೆದು ನರಳ್ತಿದ್ರು. ಆ ಕಷ್ಟ ತಪ್ಪಿಸೋಕೇ ಬೆಕ್ಲೊಮೆಥಾಸೋನ್ ಅನ್ನೋ ಸ್ಟಿರಾಯ್ಡನ್ನ ಪಂಪಿಗೆ ಹಾಕಿ 1972ರಲ್ಲಿ ಬ್ರಿಟನ್ನಿನಲ್ಲಿ ತಂದ್ರು. ಅಂದ್ರೆ ಸ್ಟಿರಾಯ್ಡ್ ಪಂಪು ಬಂದದ್ದೇ ಸ್ಟಿರಾಯ್ಡ್ ಕಡಿಮೆ ಮಾಡೋಕೆ! ಐವತ್ತು ವರ್ಷದ ಮೇಲೂ ನಮ್ಮ ಕೇರಿಗೆ ಆ ಸುದ್ದಿ ಮುಟ್ಟಿಲ್ಲ.

ಇದು ಜೀವ ಉಳಿಸುತ್ತಾ? ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಸ್ತಮಾ ರೋಗಿಗಳ ದಾಖಲೆ ಹಿಡಿದು ಮಾಡಿದ ಅಧ್ಯಯನವೊಂದು 2000ನೇ ಇಸವಿಯಲ್ಲಿ ಪ್ರಕಟ ಆಯ್ತು. ವರ್ಷದಲ್ಲಿ ಒಂದೊಂದು ಸ್ಟಿರಾಯ್ಡ್ ಪಂಪು ಹೆಚ್ಚು ಬಳಸಿದಂತೆ ಸಾವಿನ ಪ್ರಮಾಣ ಶೇ 21ರಷ್ಟು ಇಳಿದಿತ್ತು. ಅದೂ ಕಡಿಮೆ ಡೋಸಿನ ಪಂಪು. ಬಿಟ್ಟ ಮೇಲಿನ ಮೊದಲ ತಿಂಗಳುಗಳಲ್ಲಿ ಸಾವಿನ ಅಪಾಯ ಹೆಚ್ಚಾಗೋದೂ ಅದೇ ಅಧ್ಯಯನದಲ್ಲಿ ಕಂಡಿತ್ತು. ಅದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ. 2019ರಲ್ಲಿ ಜಾಗತಿಕ ಆಸ್ತಮಾ ತಜ್ಞರ ಸಂಸ್ಥೆ ಜಿನಾ, ದೊಡ್ಡವರನ್ನಾಗಲಿ ಹದಿಹರೆಯದವರನ್ನಾಗಲಿ ಬರೀ ನೀಲಿ ಪಂಪಿನ ಮೇಲೆ ಬಿಡಬೇಡಿ, ಸ್ಟಿರಾಯ್ಡ್ ಪಂಪು ಜೊತೆಗೆ ಇರಲೇಬೇಕು ಅಂತ ಹೇಳಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ನೀಲಿ ಪಂಪು ಖಾಲಿ ಆಗ್ತಿದ್ರೆ ಅದೇ ಅಪಾಯದ ಗಂಟೆ. ನಮ್ಮ ಚಿಗವ್ವನದು ತಿಂಗಳಿಗೊಂದು ಖಾಲಿ ಆಗ್ತಿತ್ತು.

ತೊಂದರೆನೇ ಇಲ್ವಾ? ಇದೆ. ಮುಚ್ಚಿಟ್ಟರೆ ನಾನೂ ಆ ವಾಟ್ಸಾಪ್ ಮೆಸೇಜಿನಂಥವನೇ ಆಗ್ತೀನಿ. ಬಾಯಲ್ಲಿ ಬೆಳ್ಳಗೆ ಬೂಸ್ಟು ಬರಬಹುದು, ದನಿ ಒಡೆಯಬಹುದು. ಪಂಪು ತಗೊಂಡ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದ್ರೆ ಇದು ಬಹಳ ಮಟ್ಟಿಗೆ ತಪ್ಪುತ್ತೆ. ಮಕ್ಕಳ ಎತ್ತರ ಸ್ವಲ್ಪ ಕಡಿಮೆ ಆಗಬಹುದು. ಅಮೆರಿಕದಲ್ಲಿ ಮಕ್ಕಳನ್ನ ದೊಡ್ಡವರಾಗೋತನಕ ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವ್ಯತ್ಯಾಸ ಸುಮಾರು 1.2 ಸೆಂಟಿಮೀಟರ್ ಇತ್ತು. ಬೆರಳಿನ ಅಗಲದಷ್ಟು. ರಾತ್ರಿಯಿಡೀ ಉಸಿರಿಗೆ ಒದ್ದಾಡೋ ಮಗುವಿನ ತಾಯಿಗೆ ಈ ಲೆಕ್ಕ ಹೇಳಿ, ನಿರ್ಧಾರ ಅವಳಿಗೆ ಬಿಡಿ. ದೊಡ್ಡ ಡೋಸನ್ನ ವರ್ಷಗಟ್ಟಲೆ ತಗೊಂಡ್ರೆ ಕಣ್ಣಿನ ಪೊರೆ, ಎಲುಬು ಸವೆಯೋದು, ಮೈಯೊಳಗೆ ತಾನೇ ತಯಾರಾಗೋ ಸ್ಟಿರಾಯ್ಡ್ ಕುಗ್ಗೋದು ಆಗಬಹುದು. ಅದಕ್ಕೇ ದಮ್ಮು ಹತೋಟಿಗೆ ಬಂದ ಮೇಲೆ ಡಾಕ್ಟರೇ ಡೋಸು ಇಳಿಸ್ತಾರೆ. ನಾವೇ ಇಳಿಸೋದಲ್ಲ, ಬಿಡೋದಂತೂ ಅಲ್ಲವೇ ಅಲ್ಲ.

ಬಸುರಿ ಹೆಣ್ಮಕ್ಕಳಿಗೆ ಒಂದು ಮಾತು. ಹೊಟ್ಟೆಯಲ್ಲಿ ಕೂಸು ಇದೆ ಅಂತ ಹೆದರಿ ಪಂಪು ಬಿಡಬ್ಯಾಡ್ರಿ. ತಾಯಿಗೆ ದಮ್ಮು ಹತ್ತಿದ್ರೆ ಕೂಸಿಗೂ ಉಸಿರು ಕಮ್ಮಿ ಆಗುತ್ತೆ. ಬಸುರಿತನದಲ್ಲೂ ಮುಂದುವರಿಸಬೇಕು ಅನ್ನೋದೇ ಡಾಕ್ಟರುಗಳ ಮಾತು. ಇನ್ನು ಹೆಸರಿಲ್ಲದ ಗುಳಿಗೆಯನ್ನ ಬಹಳ ದಿನದಿಂದ ತಿಂತಿರೋರು ಈ ಪೋಸ್ಟ್ ಓದಿ ಒಮ್ಮೆಲೇ ನಿಲ್ಲಿಸಬ್ಯಾಡ್ರಿ, ಅದೂ ಅಪಾಯ. ಗುಳಿಗೆ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ.

ಮೃಗಶಿರ ಮಳೆ ಕೂಡೋ ಹೊತ್ತಿಗೆ ನಮ್ಮ ಕಡೆಯಿಂದ ಹೈದರಾಬಾದಿಗೆ ರೈಲು ಹತ್ತೋರು ಎಷ್ಟು ಜನ ಅಂತ ನಿಮಗೇ ಗೊತ್ತು. ಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸ್ತಾರೆ. ಹೋಗೋರನ್ನ ನಾನು ಹಂಗಿಸಲ್ಲ. ಉಸಿರು ಸಿಗದ ಮನುಷ್ಯ ಎಲ್ಲಿಗಾದ್ರೂ ಹೋಗ್ತಾನೆ. ನನ್ನ ವಿನಂತಿ ಒಂದೇ, ಹೋದ್ರೂ ಪಂಪು ಬಿಡಬ್ಯಾಡ್ರಿ.

ಈಗ ರಾಜಕಾರಣದ ಮಾತು. ಇದು ಬರೀ ನಮ್ಮನೆ ಕಥೆ ಅಲ್ಲ. ಗ್ಲೋಬಲ್ ಬರ್ಡನ್ ಆಫ್ ಡಿಸೀಸ್ ಅಧ್ಯಯನದ 2019ರ ಅಂದಾಜಿನಂತೆ ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಸುಮಾರು ಶೇ 13. ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ರೋಗಕ್ಕಿಂತ ಸಾವು ಇಷ್ಟು ಹೆಚ್ಚು ಯಾಕೆ? ಗ್ಲೋಬಲ್ ಆಸ್ತಮಾ ನೆಟ್‌ವರ್ಕ್ ನಮ್ಮ ದೇಶದಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಡಾಕ್ಟರೇ ಆಸ್ತಮಾ ಅಂತ ಹೇಳಿದವರಲ್ಲೂ ದಿನಾ ಸ್ಟಿರಾಯ್ಡ್ ಪಂಪು ತಗೊಳ್ಳೋರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಔಷಧಿ ಇಲ್ಲ ಅಂತಲ್ಲ. ಬುಡೆಸೊನೈಡ್ ಪಂಪು 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಆದ್ರೆ ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿದ್ರೆ ಗುಳಿಗೆ ಇದೆ, ಸಿರಪ್ ಇದೆ, ಸೂಜಿ ಇದೆ, ಪಂಪು "ಹೊರಗಡೆ ತಗೊಳ್ರಿ" ಅಂದ್ರು.

ಹೊರಗಡೆ ಅಂದ್ರೆ ಹೆಚ್ಚೂಕಡಿಮೆ ಒಂದು ದಿನದ ಕೂಲಿ. ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಸಲ ಒತ್ತುವಷ್ಟು ಔಷಧಿ ಇರುತ್ತೆ. ದಿನಕ್ಕೆ ಎರಡು ಸಲ ಅಂದ್ರೆ 100 ದಿನ, ನಾಲ್ಕು ಸಲ ಅಂದ್ರೆ 50 ದಿನ. ಒಂದು ಸಲ ಸೂಜಿ ಮಾಡಿಸ್ಕೊಳ್ಳೋ ದುಡ್ಡು, ಹೋಗಿಬರೋ ಆಟೊ, ಕೆಲಸಕ್ಕೆ ಹೋಗದ ದಿನದ ಕೂಲಿ ಕೂಡಿಸಿ ನೋಡಿ. ಪಂಪೇ ಅಗ್ಗ. ಆದ್ರೆ ಒಮ್ಮೆಗೇ ಅಷ್ಟು ದುಡ್ಡು ಕೈಯಲ್ಲಿ ಇರಬೇಕಲ್ಲ!

ಸ್ಪೇಸರ್ ಅಂತ ಒಂದು ಕೊಳವೆ ಇದೆ. ಪಂಪಿಗೆ ಅದನ್ನ ಜೋಡಿಸಿದ್ರೆ ಔಷಧಿ ಗಂಟಲಿಗೆ ಬಡಿದು ನಿಲ್ಲದೆ ಎದೆಗೆ ಇಳಿಯುತ್ತೆ. ಅದಕ್ಕೆ ದುಡ್ಡಿಲ್ಲದವರಿಗೆ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಡಾಕ್ಟರುಗಳು ದಾರಿ ತೋರಿಸಿದ್ದಾರೆ. ಹೀದರ್ ಝಾರ್ ಮತ್ತು ಅವರ ಜೊತೆಯವರು 500 ಎಂಎಲ್ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿಯ ಅಳತೆಗೆ ಸರಿಯಾಗಿ ತೂತು ಮಾಡಿ, ಸಂದಿಲ್ಲದಂತೆ ಮುಚ್ಚಿ, ದಮ್ಮು ಹತ್ತಿದ ಮಕ್ಕಳಿಗೆ ನೀಲಿ ಪಂಪಿನ ಥರದ ಔಷಧಿ ಕೊಟ್ಟು ನೋಡಿದ್ರು. ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು ಅಂತ 1999ರಲ್ಲಿ ಪ್ರಕಟಿಸಿದ್ರು. ಡಾಕ್ಟರಮ್ಮನಿಗೆ ತೋರಿಸಿ, ಸರಿ ಇದೆ ಅಂತ ಕೇಳ್ಕೊಂಡು ನಾವೂ ಕೇರಿಯಲ್ಲಿ ಮಾಡಿದ್ದೀವಿ. ಇದು ಬಡತನದ ಜಾಣ್ಮೆ, ಹೆಮ್ಮೆ ಇದೆ. ಆದ್ರೆ ಸರ್ಕಾರ ಸ್ಪೇಸರ್ ಕೊಡದೇ ಇರೋಕೆ ಇದು ನೆಪ ಆಗಬಾರದು.

ಇನ್ನೂ ಒಂದು ಮಾತು ಹೇಳದಿದ್ರೆ ತಪ್ಪಾಗುತ್ತೆ. ಪಂಪು ಹೂಳು ತೆಗೆಯುತ್ತೆ ಸರಿ, ಹೂಳು ಸುರಿಯೋರು ಯಾರು? ಜಿನ್ನಿಂಗ್ ಧೂಳು, ಮಿಲ್ಲಿನ ಧೂಳು, ಮೆಣಸಿನಕಾಯಿ ಚೀಲದ ಘಾಟು, ಬೆಳಗಿನ ಜಾವ ಬೀದಿ ಗುಡಿಸೋರ ಮೂಗಿಗೆ ಹೋಗೋ ಕಸದ ಧೂಳು, ಸೌದೆ ಒಲೆ ಹೊಗೆ. ಈ ಕೆಲಸಗಳಲ್ಲಿ ಇರೋರು ಯಾರು ಅಂತ ಜಾತಿ ಸರ್ಟಿಫಿಕೇಟ್ ತರಿಸಿ ನೋಡಬೇಕಾ? ಮಹಾಡಿನ ಕೆರೆ ನೀರು ಎಲ್ಲರದು ಅಂತ ಬಾಬಾಸಾಹೇಬರು 1927ರಲ್ಲಿ ಹೋಗಿ ಕುಡಿದು ತೋರಿಸಿದ್ರು. ಗಾಳಿ ಎಲ್ಲರದು ಅಂತ ನಾವು ಅಂದ್ಕೊಂಡಿದ್ದೀವಿ, ಆದ್ರೆ ಒಳ್ಳೆ ಗಾಳಿ ಎಲ್ಲರಿಗೂ ಸಿಕ್ಕಿಲ್ಲ.

ಏಮ್ಸ್ ಬೇಕೇ ಬೇಕು, ಆ ಹೋರಾಟ ನಿಲ್ಲೋದಿಲ್ಲ. ಅದರ ಜೊತೆಗೆ ನಮ್ಮ ಕೇಳಿಕೆ ಇವು. ರಾಯಚೂರು ಜಿಲ್ಲೆಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಿರಾಯ್ಡ್ ಪಂಪು ವರ್ಷಪೂರ್ತಿ ಉಚಿತವಾಗಿ ಸಿಗಬೇಕು. ಪಂಪು ಕೊಡುವಾಗ ಹೆಂಗ ತಗೋಬೇಕು ಅಂತ ಕನ್ನಡದಲ್ಲಿ ಮಾಡಿ ತೋರಿಸಬೇಕು. ಊದಿಸಿ ನೋಡೋ ಮಷೀನ್ ದೇವದುರ್ಗ, ಮಾನ್ವಿ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನಾ ನಡೀಬೇಕು. ಧೂಳಿನ ಕೆಲಸದ ಕೂಲಿಗಳಿಗೆ ಮಾಸ್ಕು, ವರ್ಷಕ್ಕೊಮ್ಮೆ ಎದೆ ತಪಾಸಣೆ ಮಾಲೀಕರ ಖರ್ಚಿನಲ್ಲಿ ಆಗಬೇಕು. ಮನವಿ ಬರೆದಿಟ್ಟಿದ್ದೀನಿ, ಸಹಿ ಹಾಕೋರು ಜೊತೆಗೆ ಬನ್ನಿ.

ಅವ್ವ ಈಗ ಆರಾಮ ಇದ್ದಾಳೆ. ಫ್ಯಾಕ್ಟರಿ ಬಿಟ್ಟು ತರಕಾರಿ ಮಾರ್ತಾಳೆ. ಪಂಪು ಮುಚ್ಚಿಡಲ್ಲ, ತರಕಾರಿ ಬುಟ್ಟಿಯಲ್ಲೇ ಮೇಲೆ ಇಟ್ಕೊಂಡಿರ್ತಾಳೆ. ಹೋದ ವಾರ ಓಣಿಯ ಒಬ್ಬ ಹುಡುಗಿ ಸೆರಗಿನ ಮರೆಯಲ್ಲಿ ಪಂಪು ಹಿಡ್ಕೊಂಡು ಬಂದಿದ್ಲು. ಅವ್ವ ಕೂರಿಸಿಕೊಂಡು ಹೇಳಿಕೊಡ್ತಿದ್ಲು. "ಮೊದ್ಲ ಅಲ್ಲಾಡಿಸು. ಉಸ್ರು ಪೂರಾ ಹೊರಗ ಬಿಡು. ಬಾಯಾಗ ಇಟ್ಟು ತುಟಿ ಬಿಗಿ ಹಿಡಿ. ಒತ್ತಿದ ಕೂಡ್ಲೇ ಮೆಲ್ಲಕ ಒಳಗ ಎಳಿ. ಈಗ ಹತ್ತು ಎಣಿಸೋಮಟ ಹಿಡಿ… ಬಿಡು. ಬಾಯಿ ಮುಕ್ಕಳಿಸಿ ಉಗುಳು. ಮುಗೀತು. ಇದಕ್ಕ್ಯಾಕ ನಾಚಿಗಿ?"

ಆಮೇಲೆ ನನ್ನ ಕಡೆ ಕೈ ಮಾಡಿ ಅಂದಳು, "ಇಂವ ನನ್ನ ಮಗ. ಭಾಳ ಓದ್ಯಾನ. ಇವನ ಮಾತು ಕೇಳಿ ನಾ ಸಾಯ್ತಿದ್ದೆ."

ಹುಡುಗಿ ನಕ್ಕಳು. ನಾನೂ ನಕ್ಕೆ. ನಗೋದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಅವತ್ತು ನಾನು ಆ ಮೆಸೇಜನ್ನ ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಅಲ್ಲಿಂದ ಅದು ಎಷ್ಟು ಮನೆಗೆ ಹೋಯ್ತೋ, ಯಾರ ಅವ್ವ ಪಂಪು ಬಿಟ್ಟಳೋ ನನಗೆ ಗೊತ್ತಿಲ್ಲ. ಇದನ್ನೂ ಅದೇ ನಾಲ್ಕು ಗ್ರೂಪಿಗೆ ಹಾಕ್ತಿದ್ದೀನಿ. ನೀವೂ ನಿಮ್ಮ ಗ್ರೂಪಿಗೆ ಹಾಕಿ. ಓದಲು ಬಾರದವರಿಗೆ ಓದಿ ಹೇಳಿ.

ಜೈಭೀಮ್.